ಗುಚ್ಛದಲ್ಲಿಲ್ಲದ ಗೆಲಾಕ್ಸಿ

ಯಶವಂತಪುರ

ಇಂಗ್ಲೆಂಡಿಗೆ ಹೋಗಿ ಬಂದವರು ನಮ್ಮಲ್ಲಿ ಎರಡು ಬಗೆ. ಒಂದು ಬಗೆಯವರು ಅಲ್ಲಿಯ ರಸ್ತೆಗಳನ್ನು ಹೊಗಳಿ ನಮ್ಮ ಚರಂಡಿಗಳಿಗಾಗಿ ನಾಚಿಕೊಳ್ಳುತ್ತಾರೆ. ಇನ್ನೊಂದು ಬಗೆಯವರು ಅಲ್ಲಿಯ ಸಪ್ಪೆ ಊಟವನ್ನು ಹಳಿದು ನಮ್ಮ ಸಾರಿಗಾಗಿ ಎದೆಯುಬ್ಬಿಸುತ್ತಾರೆ. ಇಬ್ಬರ ಭಾಷಣಗಳನ್ನೂ ಕಾಲೇಜಿನ ಸಭಾಂಗಣದಲ್ಲಿ ಕುಳಿತು ಸಾಕಾಗುವಷ್ಟು ಕೇಳಿದ್ದೇನೆ. ಅಲ್ಲಿ ತಾವು ಮಾಡಿದ ತಪ್ಪೊಂದನ್ನು ಇವರಲ್ಲಿ ಒಬ್ಬರಾದರೂ ಬಾಯಿಬಿಟ್ಟು ಹೇಳಿದ್ದನ್ನು ಮಾತ್ರ ಇದುವರೆಗೆ ಕೇಳಿಲ್ಲ. ನಾನು ತಪ್ಪು ಮಾಡಿದ್ದೇನೆ; ಹೊರಟದ್ದು ಅದರ ಜೊತೆಗೇ. ಬರೆಯುವುದಕ್ಕೆ ಅದೇ ಕಾರಣ.

ಎಂಬತ್ತರ ದಶಕದ ನಡುವಿನ ಮಾತು. ಯಶವಂತಪುರದ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರದ ಅಧ್ಯಾಪಕಿ. ವಾಸ ಆರ್.ಟಿ. ನಗರದಲ್ಲಿ. ವಿದ್ಯಾರ್ಥಿನಿಯಾಗಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ನಾನು ಎತ್ತಿಕೊಳ್ಳುತ್ತಿದ್ದ ಪಕ್ಷ ಸದಾ ಒಂದೇ ಆಗಿತ್ತು: ಮನುಷ್ಯನನ್ನು ರೂಪಿಸುವುದು ಹುಟ್ಟಲ್ಲ, ಪರಿಸರ. ಆ ಮಾತಿಗೆ ಬಹುಮಾನಗಳು ಬಂದವು. ಮುಂದೆ ಅದೇ ನನ್ನ ಸಾರ್ವಜನಿಕ ಜೀವನವೂ ಆಯಿತು. ಜಾತಿಯನ್ನು ವಿರೋಧಿಸಿ ಕರಪತ್ರ ಹಂಚಿದೆ, ವರದಕ್ಷಿಣೆಯ ಮದುವೆಗಳಿಗೆ ಹೋಗದೆ ನೆಂಟರನ್ನು ಕಳೆದುಕೊಂಡೆ. ಇಂಥವಳಿಗೆ ಇಂಗ್ಲೆಂಡಿನ ದಕ್ಷಿಣ ಭಾಗದ ಒಂದು ವೀಕ್ಷಣಾಲಯದಲ್ಲಿ ಮೂರು ತಿಂಗಳ ಕೆಲಸ ದೊರೆಯಿತು. ವಿಷಯವೂ ನನಗೆಂದೇ ಹೊಲಿದಂತಿತ್ತು. ಒಂಟಿಯಾಗಿದ್ದ ಗೆಲಾಕ್ಸಿ ಸಾವಿರಾರು ಗೆಲಾಕ್ಸಿಗಳ ಗುಚ್ಛದೊಳಕ್ಕೆ ಬಿದ್ದಾಗ ಅದಕ್ಕೆ ಏನಾಗುತ್ತದೆ? ಅದರ ರೂಪ ಹುಟ್ಟಿನಿಂದ ಬಂದದ್ದೋ, ನೆರೆಹೊರೆಯಿಂದ ಬಂದದ್ದೋ? ಇಡೀ ವಿಶ್ವವೇ ನನ್ನ ಪಕ್ಷಕ್ಕೆ ಸಾಕ್ಷಿ ಹೇಳಲು ಎದ್ದು ನಿಂತಿದೆ ಎಂದು ನಾನು ಭಾವಿಸಿದ್ದರೆ ಆಶ್ಚರ್ಯವಿಲ್ಲ.

ನನ್ನ ಮೂರು ತಿಂಗಳಿಗಿಂತ ದೊಡ್ಡ ವಿಷಯ ಇನ್ನೊಂದಿತ್ತು. ಅದೇ ವೀಕ್ಷಣಾಲಯದಲ್ಲಿ ಮೂರು ವರ್ಷ ಸಂಶೋಧನೆ ಮಾಡುವ ಒಂದು ಸ್ಥಾನ ತೆರೆದಿತ್ತು. ಅದಕ್ಕೆ ನನ್ನ ವಿದ್ಯಾರ್ಥಿನಿ ದಿಲ್‌ಶಾದ್ ಅರ್ಜಿ ಹಾಕಿದ್ದಳು. ಯಲಹಂಕದ ಹಳೇ ಊರಿನವಳು. ಬಿ.ಎಸ್ಸಿ.ಯಲ್ಲಿ ಮೂರು ವರ್ಷ ನನ್ನ ಕೈಕೆಳಗೆ ಓದಿ, ಎಂ.ಎಸ್ಸಿ. ಮುಗಿಸಿದ್ದಳು. ಅಳತೆಯ ಕೆಲಸದಲ್ಲಿ ಅವಳಷ್ಟು ನಿಖರವಾದ ಕಣ್ಣನ್ನು ನಾನು ಬೇರೆಲ್ಲೂ ಕಂಡಿಲ್ಲ. ಶಿಫಾರಸು ಪತ್ರವನ್ನು ನಾನು ಬರೆಯಬೇಕಿತ್ತು.

ನಮ್ಮ ಪ್ರಾಂಶುಪಾಲರು ಮೆಟ್ಟಿಲ ಮೇಲೆ ನನ್ನನ್ನು ತಡೆದು ನಿಲ್ಲಿಸಿದರು.

"ಏನಮ್ಮಾ, ಆ ಯಲಹಂಕದ ಹುಡುಗಿಗೆ ಬರೀತಿದೀರಂತೆ. ಬರೀರಿ, ಬೇಡ ಅನ್ನಲ್ಲ. ಆದ್ರೆ ಇದೆಲ್ಲ ರಕ್ತದಲ್ಲಿ ಬರ್ಬೇಕು ಕಣಮ್ಮ. ಅವ್ರ ಮನೇಲಿ ಕಳಿಸ್ತಾರಾ, ಅದನ್ನ ಮೊದ್ಲು ಕೇಳಿ."

"ಮನೆ ಹಾಗಿದ್ರೂ ಹುಡುಗಿ ಹೀಗಿದ್ದಾಳಲ್ಲ ಸರ್, ನನ್ನ ವಾದ ಇರೋದೇ ಅಲ್ಲಿ," ಎಂದೆ.

ಗೆದ್ದೆನೆಂದುಕೊಂಡು ಮೆಟ್ಟಿಲಿಳಿದೆ. ಆ ಹುಮ್ಮಸ್ಸು ಆರುವ ಮುನ್ನವೇ ಪತ್ರ ಬರೆದು ಮುಗಿಸಿದೆ. ಹೆಣ್ಣುಮಕ್ಕಳ ಓದನ್ನು ಪಾಪವೆಂದು ತಿಳಿದ ತಂದೆ, ಅಕ್ಷರವರಿಯದ ತಾಯಿ, ಬೆಳಕು ಕಾಣದ ಕೋಣೆ, ಬುರ್ಖಾದ ಮಡಿಲಲ್ಲಿ ಅಡಗಿಸಿಟ್ಟ ಪುಸ್ತಕ. ಇಂಥ ಪರಿಸರದಿಂದ ಬಂದರೂ ಈ ಹುಡುಗಿ ಇಷ್ಟು ಮೇಲೇರಿದ್ದಾಳೆ ಎಂದು ಬರೆದೆ. ಅದನ್ನು ಟೈಪು ಮಾಡಿದ ಗುಮಾಸ್ತ ರಂಗಪ್ಪ, "ಮೇಡಂ, ಹೊಡೀತಾ ಹೊಡೀತಾ ನಂಗೇ ಕಣ್ಣಲ್ಲಿ ನೀರು ಬಂತು ಕಣ್ರೀ," ಎಂದ. ಕಾರ್ಬನ್ ಇಟ್ಟು ಮೂರು ಪ್ರತಿ ತೆಗೆದಿದ್ದ. ಮೂರನೆಯದು ಯಾರಿಗೆಂದು ನಾನು ಕೇಳಲಿಲ್ಲ.

ಹೊರಡುವ ದಿನ ದಿಲ್‌ಶಾದ್ ಬಸ್ ಸ್ಟಾಪಿಗೆ ಬಂದು ಕಂದು ಬಣ್ಣದ ಉಣ್ಣೆಯ ಶಾಲೊಂದನ್ನು ಕೈಗಿತ್ತಳು. "ಅಲ್ಲಿ ಚಳಿ ಜಾಸ್ತಿಯಂತೆ ಮೇಡಂ. ಅಬ್ಬಾ ಕೊಟ್ಟು ಬಾ ಅಂದ್ರು."

ಇಂಥ ತಂದೆಯ ಮನಸ್ಸನ್ನೂ ಕರಗಿಸಿದೆನಲ್ಲ ಎಂದು ಹೆಮ್ಮೆಯಿಂದಲೇ ಬಸ್ಸು ಹತ್ತಿದೆ.

ಎರಡಾಗುವ ರೈಲು

ಲಂಡನ್ನಿನಿಂದ ನನ್ನ ಊರಿಗೆ ಎರಡು ಗಂಟೆಯ ರೈಲು. ಡಬ್ಬಿಯಲ್ಲಿ ಎದುರಿಗೆ ಒಬ್ಬ ಗೃಹಸ್ಥರು. ಅಚ್ಚುಕಟ್ಟಾದ ಕೋಟು, ಮಡಿಚಿದ ಪತ್ರಿಕೆ, ಅದರ ಹಿಂದೆ ಮುಖ. ಯಶವಂತಪುರದಿಂದ ಯಲಹಂಕಕ್ಕೆ ಹೋಗುವ ಪ್ಯಾಸೆಂಜರಿನಲ್ಲಿ ಕೊಡಿಗೇಹಳ್ಳಿ ಬರುವಷ್ಟರಲ್ಲಿ ಎದುರಿನವರು ನನ್ನ ಊರು, ಉದ್ಯೋಗ, ಇನ್ನೂ ಮದುವೆಯಾಗದಿರುವ ಕಾರಣ ಎಲ್ಲವನ್ನೂ ಕೇಳಿ, ಆ ಕಾರಣ ಸಾಲದೆಂದು ತೀರ್ಪನ್ನೂ ಕೊಟ್ಟಿರುತ್ತಾರೆ. ಈ ಕಿರಿಕಿರಿಯನ್ನು ನಾನು ಹಿಂದೆ ಲೇಖನಗಳಲ್ಲಿ ಖಂಡಿಸಿದ್ದುಂಟು. ಆ ಖಂಡನೆಯನ್ನು ಇಲ್ಲಿ ಹಿಂತೆಗೆದುಕೊಳ್ಳುತ್ತೇನೆ.

ಆ ದೇಶದಲ್ಲಿ ರೈಲು ನಡುದಾರಿಯಲ್ಲಿ ಎರಡಾಗುತ್ತದೆ. ಮುಂದಿನ ಡಬ್ಬಿಗಳು ಒಂದು ಊರಿಗೆ, ಹಿಂದಿನ ಡಬ್ಬಿಗಳು ಇನ್ನೊಂದು ಊರಿಗೆ. ಇದನ್ನು ಯಾರೋ ಧ್ವನಿವರ್ಧಕದಲ್ಲಿ ಹೇಳಿದ್ದರಂತೆ. ಅವರ ಇಂಗ್ಲಿಷು ನನಗೆ ಇಂಗ್ಲಿಷಿನಂತೆ ಕೇಳಿಸಲಿಲ್ಲ. ನಾನು ಕುಳಿತದ್ದು ಹಿಂದಿನ ಡಬ್ಬಿಯಲ್ಲಿ. ಕಿಟಕಿಯಾಚೆ ಸಮುದ್ರ ಕಾಣಿಸಿಕೊಂಡಾಗ ಅನುಮಾನ ಹುಟ್ಟಿ ನನ್ನ ಟಿಕೀಟನ್ನು ಆ ಗೃಹಸ್ಥರಿಗೆ ತೋರಿಸಿದೆ.

"ಹೌದು, ನೀವು ತಪ್ಪು ಭಾಗದಲ್ಲಿದ್ದೀರಿ," ಎಂದರು. "ನಿಮ್ಮ ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಊರಿನ ಹೆಸರನ್ನು ಆಗಲೇ ಓದಿದ್ದೆ."

"ಹಾಗಿದ್ದರೆ ಹೇಳಬಹುದಿತ್ತಲ್ಲ?"

"ಸಮುದ್ರ ನೋಡಿಕೊಂಡು ಹೋಗುತ್ತೀರೇನೋ ಅಂದುಕೊಂಡೆ."

ಒಂದು ಗಂಟೆಯ ಕಾಲ ಅವರು ನನ್ನ ತಪ್ಪನ್ನು ಎದುರಿಗೇ ಕುಳಿತು ನೋಡಿದ್ದರು. ಕೇಳುವುದಕ್ಕಿಂತ ಊಹಿಸುವುದು ಅವರಿಗೆ ಸಭ್ಯತೆಯಾಗಿ ಕಂಡಿತ್ತು. ಒಂದು ಸಾಮ್ರಾಜ್ಯವನ್ನೇ ಹೀಗೆ ಊಹೆಯ ಮೇಲೆ ನಡೆಸಿದ ಜನ ಒಬ್ಬ ಪ್ರಯಾಣಿಕಳ ವಿಷಯದಲ್ಲಿ ಬೇರೆ ರೀತಿ ನಡೆದುಕೊಳ್ಳುತ್ತಾರೆಂದು ನಿರೀಕ್ಷಿಸಿದ್ದು ನನ್ನ ಅವಿವೇಕ.

ಮಿಸೆಸ್ ಪೆಲ್ ಅವರ ಮನೆ

ನನಗೆ ಕೋಣೆ ಬಾಡಿಗೆಗೆ ಕೊಟ್ಟ ವಿಧವೆ ಮಿಸೆಸ್ ಪೆಲ್. ಆ ಮನೆಯ ಬಚ್ಚಲಿನಲ್ಲಿ ಎರಡು ನಲ್ಲಿಗಳಿದ್ದವು. ಒಂದರಲ್ಲಿ ಕೈ ಸುಡುವ ನೀರು, ಇನ್ನೊಂದರಲ್ಲಿ ಕೈ ಕೊರೆಯುವ ನೀರು. ಇವೆರಡೂ ಸೇರಿದರೆ ಮನುಷ್ಯರ ಬಳಕೆಗೆ ಬರುವ ನೀರು ಆಗುತ್ತದೆಂಬುದು ಚಂದ್ರನ ಮೇಲೆ ಕಾಲಿಟ್ಟವರ ಕಾಲದಲ್ಲೂ ಆ ನಾಡಿಗೆ ತಿಳಿದಿಲ್ಲ. ತಂಬಿಗೆ ಕೇಳಿದೆ. ಅವರು ಹೂದಾನಿ ತಂದುಕೊಟ್ಟರು.

ಅದು ನಗುವ ವಿಷಯ. ನಗಲಾಗದ ವಿಷಯ ಇನ್ನೊಂದಿತ್ತು. ಎರಡನೆಯ ಭಾನುವಾರ ಮಿಸೆಸ್ ಪೆಲ್ ನೆರೆಯ ಹೆಂಗಸರನ್ನು ಚಹಾಕ್ಕೆ ಕರೆದರು. ಎಲ್ಲರೂ ನನ್ನ ಕೈಯನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದರು. ಒಬ್ಬಾಕೆಯಂತೂ, "ನೀವು ಇಲ್ಲಿವರೆಗೆ ಬಂದದ್ದೇ ದೊಡ್ಡ ಧೈರ್ಯ. ಮನೆಯವರು ಹಿಂದಕ್ಕೆ ಕರೆಸಿಕೊಳ್ಳುವುದಿಲ್ಲ ತಾನೆ?" ಎಂದು ಪಿಸುಗುಟ್ಟಿದಳು. ಆಮೇಲೆ ತಿಳಿಯಿತು. ಬಲವಂತದ ಮದುವೆಯಿಂದ ತಪ್ಪಿಸಿಕೊಂಡು ಬಂದ ಹೆಂಗಸು ನಾನೆಂದು ಮಿಸೆಸ್ ಪೆಲ್ ಬೀದಿಗೆಲ್ಲ ಹೇಳಿಟ್ಟಿದ್ದರು. ನಾನು ಹಾಗೆ ಹೇಳಿದ್ದೆನೇ? ಇಲ್ಲ. ಭಾರತ, ಸೀರೆ, ಮೂವತ್ತೆಂಟು ವರ್ಷ, ಗಂಡನಿಲ್ಲ. ಉಳಿದದ್ದನ್ನು ಅವರೇ ತುಂಬಿಕೊಂಡಿದ್ದರು.

ನನ್ನ ಸಿಟ್ಟು ಮೇರೆ ಮೀರಿತು. ನನ್ನ ತಂದೆ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಚರ್ಚಾಸ್ಪರ್ಧೆಗಳಿಗೆ ಕರೆದೊಯ್ದವರು. ತೀರ್ಪುಗಾರರು ನನಗೆ ಎರಡನೆಯ ಸ್ಥಾನ ಕೊಟ್ಟರೆ ಅವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದವರು. ಅಂಥ ಮನುಷ್ಯನನ್ನು, ನಮ್ಮ ಮನೆಯ ಹೊಸಿಲನ್ನೇ ಕಾಣದ ಹೆಂಗಸೊಬ್ಬಳು ರಾಕ್ಷಸನನ್ನಾಗಿ ಮಾಡಿ ಬಿಸ್ಕತ್ತಿನ ಜೊತೆ ಹಂಚಿಬಿಟ್ಟಿದ್ದಳು. ಆ ರಾತ್ರಿ ನನ್ನ ದಿನಚರಿಯಲ್ಲಿ ಬಿಳಿಯರ ಕರುಣೆಯ ಬಗ್ಗೆ ಎರಡು ಪುಟ ಬರೆದೆ. ಅವು ಈಗಲೂ ಸರಿಯೆನ್ನಿಸುತ್ತವೆ. ಆದರೆ ಆ ಪುಟಗಳಲ್ಲಿ ಒಂದು ಹೆಸರು ಬಿಟ್ಟುಹೋಗಿದೆ.

ಫಲಕಗಳ ಕೋಣೆ

ವೀಕ್ಷಣಾಲಯವೆಂದರೆ ಗುಮ್ಮಟದ ಕೆಳಗೆ ದೂರದರ್ಶಕಕ್ಕೆ ಕಣ್ಣಿಟ್ಟು ಕೂರುವುದೆಂದು ತಿಳಿದವರಿಗೆ ನಿರಾಶೆ ಕಾದಿದೆ. ದೂರದರ್ಶಕ ಇದ್ದದ್ದು ಇನ್ನಾವುದೋ ಖಂಡದ ಬೆಟ್ಟದ ಮೇಲೆ. ಇಲ್ಲಿಗೆ ಬರುತ್ತಿದ್ದವು ಅದು ತೆಗೆದ ಗಾಜಿನ ಫಲಕಗಳು. ನೆಲಮಾಳಿಗೆಯ ಕೋಣೆಯಲ್ಲಿ ಬೆಳಕಿನ ಮೇಜಿನ ಮೇಲೆ ಫಲಕವಿಟ್ಟು, ಮಸೂರದ ಮೂಲಕ ಹಗಲೆಲ್ಲ ನೋಡುವುದು ಕೆಲಸ. ಫಲಕದಲ್ಲಿ ಎಲ್ಲವೂ ತಿರುಗುಮುರುಗು: ಆಕಾಶ ಬಿಳಿ, ಗೆಲಾಕ್ಸಿ ಕಪ್ಪು.

ಆ ಕೋಣೆಯ ಯಜಮಾನಿ ಡೊರೀನ್. ಪದವಿಯಿಲ್ಲದ, ಇಪ್ಪತ್ತು ವರ್ಷಗಳಿಂದ ಅಳೆಯುತ್ತ ಬಂದ ಹೆಂಗಸು. ಅಲ್ಲಿಯ ಪ್ರೊಫೆಸರ್ ಹ್ಯಾರೋಬಿಯವರ ಲೇಖನಗಳ ಕೋಷ್ಟಕಗಳೆಲ್ಲ ಅವಳ ಕಣ್ಣಿನಿಂದ ಬಂದವು. ಲೇಖನದ ತುದಿಯಲ್ಲಿ ಅವಳಿಗೆ ಸಲ್ಲುತ್ತಿದ್ದದ್ದು ಒಂದು ಸಾಲಿನ ಕೃತಜ್ಞತೆ. ಸಮಾನತೆಯ ತವರೆಂದು ನಮ್ಮವರು ಕೊಂಡಾಡುವ ನಾಡು ಇದು.

ಪ್ರೊಫೆಸರ್ ಹ್ಯಾರೋಬಿ ಮೊದಲ ದಿನವೇ ನನಗೆ ವಿಷಯ ವಿವರಿಸಿದರು. ಹೊರವಲಯದಲ್ಲಿ ಒಂಟಿಯಾಗಿರುವ ಗೆಲಾಕ್ಸಿಗಳು ಬಹುಮಟ್ಟಿಗೆ ಸುರುಳಿಗಳು. ಅವುಗಳ ತೋಳುಗಳಲ್ಲಿ ಅನಿಲ ತುಂಬಿರುತ್ತದೆ, ಆ ಅನಿಲದಿಂದ ಹೊಸ ನಕ್ಷತ್ರಗಳು ಹುಟ್ಟುತ್ತಿರುತ್ತವೆ, ಆದ್ದರಿಂದ ಅವು ನೀಲಿ. ಗುಚ್ಛದ ನಡುವಿನ ಗೆಲಾಕ್ಸಿಗಳಾದರೋ ತೋಳಿಲ್ಲದ ನುಣುಪು ಮುದ್ದೆಗಳು, ಹೊಸ ಹುಟ್ಟು ನಿಂತು ಕೆಂಪಾದವು. ಏಕೆ? ಗುಚ್ಛದ ಒಳಗೆಲ್ಲ ಕಣ್ಣಿಗೆ ಕಾಣದ, ಅತಿ ಬಿಸಿಯಾದ ತೆಳು ಅನಿಲ ಹರಡಿದೆ. ಗೆಲಾಕ್ಸಿ ಅದರೊಳಕ್ಕೆ ರಭಸದಿಂದ ಬೀಳುವಾಗ ಎದುರುಗಾಳಿ ಬಡಿದು ಅದರ ಸ್ವಂತ ಅನಿಲ ಕಿತ್ತುಹೋಗುತ್ತದೆ.

"ಆದರೆ ಆ ಅನಿಲ ನಿಂತಲ್ಲೇ ನಿಂತಿದೆಯಲ್ಲ, ಗಾಳಿಯೆಲ್ಲಿಂದ ಬಂತು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನೀವು ಹೇಗೆ ವಿವರಿಸುತ್ತೀರಿ?" ಎಂದು ನನ್ನನ್ನು ಪರೀಕ್ಷಿಸಿದರು.

"ಒಂದು ಎಲೆಯೂ ಅಲುಗದ ದಿನ ಹೆಬ್ಬಾಳದಿಂದ ಯಲಹಂಕದವರೆಗೆ ಸ್ಕೂಟರಿನ ಹಿಂದೆ ಕುಳಿತು ಹೋದರೆ ಸೆರಗು ಹಾರುತ್ತದೆ," ಎಂದೆ. "ಗಾಳಿ ಬೀಸಿದ್ದಲ್ಲ. ಓಡಿದ್ದು ನಾವು."

ಅವರು ತಲೆದೂಗಿ, ಬೇರೆ ದಾರಿಗಳೂ ಇವೆಯೆಂದರು. ಹೊರಗಿನಿಂದ ಬರುವ ಹೊಸ ಅನಿಲದ ಸರಬರಾಜು ನಿಂತು ಗೆಲಾಕ್ಸಿ ಮೆಲ್ಲಗೆ ಬಡವಾಗಬಹುದು. ಪಕ್ಕದಲ್ಲಿ ಹಾದುಹೋಗುವ ಗೆಲಾಕ್ಸಿಗಳ ಸೆಳೆತಕ್ಕೆ ತೋಳು ಕಲಕಿಹೋಗಬಹುದು. ದೊಡ್ಡ ಗುಚ್ಛ ಸೇರುವ ಮುಂಚೆ ಸಣ್ಣ ಗುಂಪುಗಳಲ್ಲೇ ಅರ್ಧ ಕೆಲಸ ಆಗಿಬಿಟ್ಟಿರಬಹುದು. ನುಣುಪಾದವು ಹುಟ್ಟಿನಿಂದಲೇ ನುಣುಪು ಎನ್ನುವ ಪಂಡಿತರೂ ಅಲ್ಲಿದ್ದರು. ಚಹಾದ ಹೊತ್ತಿನಲ್ಲಿ ಅವರು ಮಾತಾಡುವುದನ್ನು ಕೇಳಿದಾಗ ನಮ್ಮ ಪ್ರಾಂಶುಪಾಲರೇ ಕೋಟು ಬದಲಿಸಿ ಬಂದಂತೆ ಕಂಡರು. ಅವರನ್ನು ನಾನು ಮನಸಾರೆ ತಿರಸ್ಕರಿಸಿದೆ.

ಆ ವಾರವೇ ಪ್ರೊಫೆಸರರು ನನ್ನನ್ನು ಕರೆದು ಸಿಹಿಸುದ್ದಿ ಹೇಳಿದರು. ಪ್ರತಿಕೂಲ ಪರಿಸರದಿಂದ ಪಾರಾಗಿ ಬಂದ ಹುಡುಗಿಯರಿಗೆಂದೇ ಯಾರೋ ಧರ್ಮಿಷ್ಠರು ಅಲ್ಲೊಂದು ಸ್ಥಾನ ಮೀಸಲಿಟ್ಟಿದ್ದರು. ನನ್ನ ಪತ್ರವನ್ನು ಓದಿದ ಸಮಿತಿ ಮಾತಿಲ್ಲದೆ ಆ ಸ್ಥಾನವನ್ನು ದಿಲ್‌ಶಾದಳಿಗೆ ಕೊಟ್ಟಿತ್ತು.

"ಇಷ್ಟು ಮನ ಕಲಕುವ ಶಿಫಾರಸು ನಮಗೆ ಬಂದೇ ಇಲ್ಲ," ಎಂದರು.

ನಾನು ಹಿಗ್ಗಿದೆ. ಯಲಹಂಕಕ್ಕೆ ಅಂದೇ ಕಾಗದ ಹಾಕಿದೆ.

ಬುಧವಾರದ ಗೋಷ್ಠಿ

ಬುಧವಾರಗಳಂದು ಹೊಸಬರು ತಮ್ಮ ಕೆಲಸವನ್ನು ಗೋಷ್ಠಿಯ ಮುಂದಿಡಬೇಕು. ನನ್ನ ಸರದಿ ನಾಲ್ಕನೆಯ ವಾರ ಬಂತು. ನನ್ನ ಫಲಕದಲ್ಲಿ ಒಂದು ಗೆಲಾಕ್ಸಿ ನನ್ನನ್ನು ಸೆರೆಹಿಡಿದಿತ್ತು. ಗುಚ್ಛದ ಒತ್ತಾದ ನಡುವಿನಲ್ಲಿ, ಸುತ್ತಲೂ ನುಣುಪು ಮುದ್ದೆಗಳಿರುವಾಗ, ಇದೊಂದು ಮಾತ್ರ ಎರಡು ತೋಳುಗಳನ್ನೂ ಬಿಡಿಸಿಕೊಂಡು, ಹೊಸ ನಕ್ಷತ್ರಗಳ ಗಂಟುಗಳನ್ನು ತುಂಬಿಕೊಂಡು ನಿಂತಿತ್ತು. ಗೋಷ್ಠಿಯಲ್ಲಿ ಅದನ್ನೇ ದೊಡ್ಡದಾಗಿ ತೋರಿಸಿದೆ. ಚರ್ಚಾಸ್ಪರ್ಧೆಯ ಹಳೆಯ ಕಂಠ ತಾನಾಗಿ ಬಂತು. ಎಲ್ಲವನ್ನೂ ಕಿತ್ತುಕೊಳ್ಳುವ ಪರಿಸರದಲ್ಲಿದ್ದರೂ ತನ್ನದನ್ನು ಬಿಟ್ಟುಕೊಡದ ಗೆಲಾಕ್ಸಿ ಇದು, ಇದರ ಗುಟ್ಟನ್ನು ಅರಿಯುವುದೇ ನಮ್ಮ ಮುಂದಿನ ಕೆಲಸವಾಗಬೇಕು ಎಂದು ಮುಗಿಸಿದೆ.

ಹಿಂದಿನ ಸಾಲಿನಿಂದ ಡೊರೀನ್ ಕೇಳಿದಳು: "ಅದರ ವೇಗ ನೋಡಿದಿರಾ?"

"ಇಲ್ಲ."

"ರೋಹಿತದ ಪಟ್ಟಿಯಲ್ಲಿದೆ. ಮೂರನೆಯ ಡ್ರಾಯರು."

ಗೆಲಾಕ್ಸಿಗಳ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ವೇಗ ಅಳೆದ ಆ ಪಟ್ಟಿಯನ್ನು ತಂದು ನೋಡಿದೆವು. ಒಂದು ಗುಚ್ಛದ ಗೆಲಾಕ್ಸಿಗಳು ನಮ್ಮಿಂದ ದೂರ ಸರಿಯುವ ವೇಗ ಹೆಚ್ಚು ಕಡಿಮೆ ಒಂದೇ ಆಸುಪಾಸಿನಲ್ಲಿರುತ್ತದೆ. ಅವುಗಳ ದೂರ ತಿಳಿಯುವುದೇ ಅದರಿಂದ; ವೇಗ ಕಡಿಮೆಯಾದಷ್ಟೂ ಹತ್ತಿರ. ನನ್ನ ಗೆಲಾಕ್ಸಿಯ ವೇಗ ಉಳಿದವುಗಳ ಕಾಲುಭಾಗವೂ ಇರಲಿಲ್ಲ. ಅದು ಆ ಗುಚ್ಛದಲ್ಲಿಯೇ ಇರಲಿಲ್ಲ. ಎಷ್ಟೋ ಹತ್ತಿರದಲ್ಲಿ, ತನ್ನ ಪಾಡಿಗೆ ತಾನು, ಯಾವ ಗಾಳಿಯ ಹೊಡೆತವೂ ಇಲ್ಲದ ನೆಮ್ಮದಿಯ ನೆರೆಯಲ್ಲಿತ್ತು. ನಾವು ನಿಂತ ಜಾಗದಿಂದ ನೋಡಿದಾಗ ಹಿಂದಿನ ಗುಚ್ಛದ ಎದುರಿಗೆ ಬಿದ್ದಿತ್ತು, ಅಷ್ಟೆ.

"ಬೇಸರ ಮಾಡಿಕೊಳ್ಳಬೇಡಿ," ಎಂದಳು ಡೊರೀನ್. "ಹೊಸದಾಗಿ ಬಂದವರೆಲ್ಲ ಅದನ್ನೇ ಆರಿಸುತ್ತಾರೆ. ಅದರ ಪಾಡು ಹೇಳಿ ಕಣ್ಣೀರಿಡುತ್ತಾರೆ. ಅದಕ್ಕೆ ಪಾಡೇ ಇಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವಿಗೆ ಎರಡು ದಿನದ ಆಯುಸ್ಸಿತ್ತು.

ಶುಕ್ರವಾರದ ಅಂಚೆ

ಶುಕ್ರವಾರ ವಿಮಾನ ಅಂಚೆಯ ನೀಲಿ ಏರೋಗ್ರಾಮ್ ಒಂದು ಬಂತು. ಕಳುಹಿಸಿದವರು ಅಬ್ದುಲ್ ಖಾಲಿಕ್, ವಾಚ್ ರಿಪೇರಿ, ಯಲಹಂಕ. ದಿಲ್‌ಶಾದಳ ತಂದೆ. ಅವರ ವೃತ್ತಿ ನನಗೆ ತಿಳಿದದ್ದು ಆ ಕಾಗದದ ಹೊರಭಾಗದಿಂದ. ಕನ್ನಡದ ಅಕ್ಷರಗಳು ಗಡಿಯಾರದ ಹಲ್ಲುಗಳಂತೆ ಸಣ್ಣಗೆ, ಸಮನಾಗಿ ಕೂತಿದ್ದವು. ಇದ್ದದ್ದನ್ನು ಇದ್ದ ಹಾಗೆ ಕೊಡುತ್ತೇನೆ.

"ಮೇಡಂ ಅವರಿಗೆ ಖಾಲಿಕ್ ಮಾಡುವ ಸಲಾಂ. ನೀವು ಕ್ಷೇಮವೆಂದು ನಂಬಿದ್ದೇನೆ. ಶಾಲು ಬೆಚ್ಚಗಿದೆಯಾ. ಮಗಳಿಗೆ ಸೀಟು ಸಿಕ್ಕಿದ ಸುದ್ದಿ ಬಂತು. ನಾನು ಅವಳಿಗೆ ಆರು ವರ್ಷ ಆದಾಗ ನನ್ನ ಕಣ್ಣಿನ ಗಾಜು ಕೊಟ್ಟು ವಾಚಿನ ಹಲ್ಲು ಎಣಿಸಲು ಕೂರಿಸುತ್ತಿದ್ದೆ. ಇವಳ ತಾಯಿ ಉರ್ದು ಶಾಲೆಯ ಟೀಚರು, ಲೆಕ್ಕ ಹೇಳಿಕೊಟ್ಟದ್ದು ಅವರೇ. ಆದ್ದರಿಂದ ಇಬ್ಬರಿಗೂ ಖುಷಿ. ನಿಮ್ಮ ಕಾಲೇಜಿನ ರಂಗಪ್ಪನವರು ನಿಮ್ಮ ಪತ್ರದ ಒಂದು ಕಾಪಿ ಪ್ರೀತಿಯಿಂದ ಮಗಳಿಗೆ ಕೊಟ್ಟರು. ಅವಳು ಓದಿ ಹೇಳಿದಳು. ಇಂಗ್ಲಿಷು ಬಹಳ ದೊಡ್ಡದು. ಒಂದು ಮಾತ್ರ ಕೇಳಬೇಕು, ತಪ್ಪು ತಿಳಿಯಬೇಡಿ. ನೀವು ನಮ್ಮ ಮನೆಗೆ ಯಾವಾಗ ಬಂದಿದ್ದಿರಿ? ನನಗೂ ನೆನಪಿಲ್ಲ, ನನ್ನ ಹೆಂಡತಿಗೂ ನೆನಪಿಲ್ಲ. ನಾವು ಇಲ್ಲದಾಗ ಬಂದು, ಯಾರೂ ಟೀ ಸಹ ಕೊಡದೆ ಕಳಿಸಿದ್ದರೆ ಕ್ಷಮಿಸಿ."

ಅದರಲ್ಲಿ ಕೊಂಕಿತ್ತೋ ಇಲ್ಲವೋ ಎಂದು ನಾನು ಅಂದು ಹಲವು ಸಲ ಓದಿ ನೋಡಿದೆ. ಇರಲಿಲ್ಲ. ಮನೆಗೆ ಬಂದವರನ್ನು ಸತ್ಕರಿಸದೆ ಕಳುಹಿಸಿದೆವೋ ಎಂಬ ನಿಜವಾದ ಕಳವಳ ಇತ್ತು. ಅದೇ ಸಹಿಸಲಾಗದ್ದು. ಯಾವ ಎದುರಾಳಿಯೂ ನನ್ನನ್ನು ಹೀಗೆ ಕೆಡವಿರಲಿಲ್ಲ.

ಮೂರು ವರ್ಷ ಪಾಠ ಹೇಳಿದ್ದೆ. ಅವಳ ತಂದೆ ಏನು ಮಾಡುತ್ತಾರೆಂದು ಒಮ್ಮೆಯೂ ಕೇಳಿರಲಿಲ್ಲ. ಹೆಸರು, ಬುರ್ಖಾ, ಯಲಹಂಕದ ಹಳೇ ಊರು. ಉಳಿದದ್ದನ್ನು ನಾನೇ ತುಂಬಿಕೊಂಡಿದ್ದೆ. ಪ್ರಾಂಶುಪಾಲರು ರಕ್ತವೆಂದರು, ನಾನು ಪರಿಸರವೆಂದೆ. ಆ ಮನೆ ಹೀನವಾದದ್ದೆಂಬ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಪ್ರಗತಿಪರಳೆಂದು ಕರೆಸಿಕೊಂಡವಳ ಪತ್ರ ಪ್ರಾಂಶುಪಾಲರ ಕೊಳಕು ಮಾತನ್ನೇ ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿತ್ತು. ಕನ್ನಡದಲ್ಲಿ ಹೇಳುವುದಾದರೆ, 'ಬಂದರೂ' ಎಂಬ ಪದದ ಕೊನೆಯಲ್ಲಿರುವ ಆ 'ರೂ' ಎಂಬ ಒಂದಕ್ಷರದಲ್ಲಿ ಒಬ್ಬ ತಂದೆಯನ್ನೂ ಒಬ್ಬ ತಾಯಿಯನ್ನೂ ಅಳಿಸಿಹಾಕಿದ್ದೆ.

ಮಿಸೆಸ್ ಪೆಲ್ ಅವರ ವಿರುದ್ಧ ಬರೆದ ಎರಡು ಪುಟಗಳಲ್ಲಿ ಬಿಟ್ಟುಹೋದ ಹೆಸರು ಯಾರದೆಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಪ್ರೊಫೆಸರರ ಕೋಣೆ

ಸೋಮವಾರ ಬೆಳಿಗ್ಗೆ ಹ್ಯಾರೋಬಿಯವರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕಿಟಕಿಯ ಕಡೆ ನೋಡುತ್ತ ಕೇಳಿದರು.

"ಅಂದರೆ ಆ ತಂದೆ ಕ್ರೂರಿಯಲ್ಲ."

"ಅಲ್ಲ. ಗಡಿಯಾರ ರಿಪೇರಿ ಮಾಡುತ್ತಾರೆ."

"ತಾಯಿ?"

"ಶಾಲೆಯ ಶಿಕ್ಷಕಿ."

"ಛೆ," ಎಂದರು. ಅವರ ಮುಖದಲ್ಲಿ ನಿಜವಾದ ಖೇದ ಕಾಣಿಸಿತು. ಒಬ್ಬ ಹುಡುಗಿಯ ತಂದೆತಾಯಿ ಒಳ್ಳೆಯವರೆಂದು ತಿಳಿದು ಇಷ್ಟು ದುಃಖಪಟ್ಟ ಮನುಷ್ಯರನ್ನು ನಾನು ಬೇರೆ ಕಂಡಿಲ್ಲ. "ಹಾಗಾದರೆ ಮೀಸಲು ಸ್ಥಾನಕ್ಕೆ ಅವಳು ಅರ್ಹಳಾಗುವುದಿಲ್ಲ. ಸಮಿತಿಯವರಿಗೆ ಆ ಕತೆ ತುಂಬ ಹಿಡಿಸಿತ್ತು." ಸ್ವಲ್ಪ ತಡೆದು, "ನೋಡಿ, ಪತ್ರ ಈಗಾಗಲೇ ಕಡತ ಸೇರಿದೆ. ಅದನ್ನು ಮತ್ತೆ ಓದುವ ಅಗತ್ಯ ಯಾರಿಗೂ ಬರುವುದಿಲ್ಲ," ಎಂದರು.

ಅದು ಅವರು ನನಗೆ ತೆರೆದಿಟ್ಟ ಬಾಗಿಲು. ಸುಮ್ಮನೆ ಎದ್ದು ಬಂದಿದ್ದರೆ ದಿಲ್‌ಶಾದಳ ಮೂರು ವರ್ಷ ಭದ್ರ. ಪತ್ರವನ್ನು ಹಿಂತೆಗೆದುಕೊಂಡರೆ, ಅವಳು ಮೊದಲು ಅರ್ಜಿ ಹಾಕಿದ್ದ ಮುಕ್ತ ಸ್ಥಾನದ ಸ್ಪರ್ಧೆ: ಫಲಕದ ನಕಲೊಂದನ್ನು ಅಳೆದು ಕಳಿಸಬೇಕು, ಎಲ್ಲ ದೇಶಗಳವರ ಜೊತೆ ನಿಲ್ಲಬೇಕು. ಆದರೆ ಅವಳು ಇಲ್ಲಿಗೆ ಬಂದರೆ ಮಿಸೆಸ್ ಪೆಲ್ ಅವರಂಥವರ ಚಹಾಕೂಟಗಳಲ್ಲಿ ಮೂರು ವರ್ಷವೂ ಇಲ್ಲದ ರಾಕ್ಷಸನ ಮಗಳಾಗಿ ಕೂರಬೇಕು. ಮೊದಲಿನ ಪತ್ರವನ್ನು ಹಿಂತೆಗೆದುಕೊಳ್ಳುತ್ತೇನೆಂದು ಅಲ್ಲೇ ಬರೆದು ಸಹಿ ಹಾಕಿದೆ. ಹೊಸ ಪತ್ರವೊಂದನ್ನೂ ಬರೆದೆ. ನಾನು ಕಲಿಸಿದ್ದೇನು, ಅವಳು ಅಳೆದದ್ದೇನು, ಅಳತೆಯಲ್ಲಿ 'ಎಷ್ಟು ತಪ್ಪು ಬರಬಹುದು' ಎಂಬುದನ್ನು ಅವಳು ಹೇಗೆ ಲೆಕ್ಕ ಹಾಕುತ್ತಾಳೆ, ಇಷ್ಟೆ. ಐದೇ ಸಾಲು.

"ಇದರಲ್ಲಿ ಏನೂ ಇಲ್ಲವಲ್ಲ," ಎಂದರು ಪ್ರೊಫೆಸರು.

"ನನಗೆ ಗೊತ್ತಿರುವುದೆಲ್ಲ ಇದೆ," ಎಂದೆ.

ಡೊರೀನ್ ಮಾತ್ರ ಆ ಪತ್ರವನ್ನು ಓದಿ, ಯಾರನ್ನೂ ಕೇಳದೆ ಫಲಕದ ನಕಲೊಂದನ್ನು ರಟ್ಟಿನ ನಡುವೆ ಕಟ್ಟಿ ಯಲಹಂಕದ ವಿಳಾಸ ಬರೆಸಿಕೊಂಡಳು. ಉಳಿದ ವಾರಗಳಲ್ಲಿ ನಾನು ತಲೆತಗ್ಗಿಸಿ ಗೆಲಾಕ್ಸಿಗಳನ್ನು ಅಳೆದೆ. ಪ್ರತಿಯೊಂದರ ವೇಗವನ್ನು ಮೊದಲು ನೋಡಿ, ಆಮೇಲೆ ಅದರ ನೆರೆಹೊರೆಯನ್ನು ಬರೆದೆ. ಪರಿಸರ ಗೆಲಾಕ್ಸಿಯನ್ನು ಬದಲಿಸುತ್ತದೆಂಬ ನನ್ನ ಪಕ್ಷವನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಅದು ಯಾವ ಪರಿಸರದಲ್ಲಿದೆಯೆಂದು ತಿಳಿಯುವ ಕಷ್ಟ ತೆಗೆದುಕೊಳ್ಳದವರು ಆ ಪಕ್ಷದ ಹೆಸರೆತ್ತಬಾರದು. ನಮ್ಮ ಸುಧಾರಕ ಬಳಗದಲ್ಲಿ ಅಂಥವರು ಎಷ್ಟು ಮಂದಿಯಿದ್ದಾರೆಂದು ಎಣಿಸಲು ಹೊರಟರೆ ಡೊರೀನಳ ಇಪ್ಪತ್ತು ವರ್ಷವೂ ಸಾಲದು. ನಮ್ಮ ವೇದಿಕೆಗಳ ಮೇಲೆ ಬಿಕ್ಕಿ ಬಿಕ್ಕಿ ವರ್ಣಿಸಲಾಗುವ ಕತ್ತಲೆಯ ಮನೆಗಳಲ್ಲಿ ಎಷ್ಟನ್ನು ಭಾಷಣಕಾರರು ಹೊಕ್ಕು ನೋಡಿದ್ದಾರೆ? ನಾನು ಮೂವತ್ತೆಂಟು ವರ್ಷಕ್ಕೆ ಒಂದನ್ನೂ ನೋಡಿರಲಿಲ್ಲ.

ಯಲಹಂಕ

ಊರಿಗೆ ಮರಳಿದ ಮಾರನೆಯ ಬೆಳಿಗ್ಗೆಯೇ ಯಲಹಂಕಕ್ಕೆ ಹೋದೆ. ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿಯ ಗೋಡೆಯ ತುಂಬ ಗಡಿಯಾರಗಳು, ಒಂದೊಂದರಲ್ಲಿ ಒಂದೊಂದು ಹೊತ್ತು. ಮನೆಗೆ ಐದು ಕಿಟಕಿಗಳಿದ್ದವು. ಎಣಿಸಿದೆ. ವಾಯುಪಡೆಯ ವಿಮಾನ ಹಾದುಹೋದಾಗ ಐದೂ ಕಿಟಕಿಗಳ ಗಾಜು ಗುಂಯ್‌ಗುಟ್ಟಿತು.

ಖಾಲಿಕ್ ಸಾಹೇಬರು ಕಣ್ಣಿನ ಗಾಜನ್ನು ಹಣೆಗೇರಿಸಿ ಎದ್ದು ನಿಂತರು. "ಬನ್ನಿ ಮೇಡಂ, ಬನ್ನಿ. ಕೂತ್ಕೊಳ್ಳಿ. ಆ ಕುರ್ಚಿ ಬೇಡ, ಅದರ ಕಾಲು ನಂಬೋ ಹಾಗಿಲ್ಲ."

ನಾನು ಕೂರದೆಯೇ ಹೇಳಿದೆ. ಪತ್ರದಲ್ಲಿ ಬರೆದದ್ದು ಸುಳ್ಳೆಂದೆ. ನಿಮ್ಮ ಮನೆಗೆ ನಾನು ಯಾವತ್ತೂ ಬಂದಿರಲಿಲ್ಲವೆಂದೆ. ಪತ್ರವನ್ನು ಹಿಂತೆಗೆದುಕೊಂಡದ್ದನ್ನೂ, ಸ್ಥಾನ ಹೋದದ್ದನ್ನೂ, ಮುಕ್ತ ಸ್ಪರ್ಧೆ ಇದೆಯೆಂಬುದನ್ನೂ ಹೇಳಿ ಕ್ಷಮೆ ಕೇಳಿದೆ. ಅದನ್ನು ಚೆನ್ನಾಗಿಯೇ ಕೇಳಿದೆ. ವಾಕ್ಯಗಳನ್ನು ವಿಮಾನದಲ್ಲಿ ಜೋಡಿಸಿಕೊಂಡು ಬಂದಿದ್ದೆ.

ಸಾಹೇಬರು ನೆಲ ನೋಡುತ್ತ, "ಆಯ್ತು ಬಿಡಿ ಮೇಡಂ. ನಿಜ ಹೇಳಿದ್ರಲ್ಲ, ದೊಡ್ಡ ಮಾತು," ಎಂದರು.

ದಿಲ್‌ಶಾದ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವಳು ಹಾಗೆನ್ನಲಿಲ್ಲ.

"ಮೇಡಂ, ಮೊದಲನೇ ಕಾಗದ ಹಾಗೇ ಇದ್ದಿದ್ರೆ ಸೀಟು ಇರ್ತಿತ್ತಾ?"

"ಇರ್ತಿತ್ತು."

"ಯಾರ್ಗೂ ಗೊತ್ತಾಗ್ತಾ ಇರ್ಲಿಲ್ಲ."

"ಇಲ್ಲ."

"ವಾಪಸ್ ತಗೊಳ್ಳೋ ಮುಂಚೆ ನನ್ನನ್ನ ಒಂದ್ ಮಾತು ಕೇಳಿದ್ರಾ?"

ಖಾಲಿಕ್ ಸಾಹೇಬರು ತಲೆಯೆತ್ತಿದರು. "ಬೇಟಾ, ಮೇಡಂ ಹತ್ರ ಹೀಗಾ ಮಾತಾಡೋದು?"

"ಅಬ್ಬಾ, ನೀವು ಸುಮ್ನಿರಿ ಒಂದ್ ನಿಮಿಷ." ಅವಳ ಧ್ವನಿ ಏರಲಿಲ್ಲ. ಪ್ರಯೋಗಾಲಯದಲ್ಲಿ ಅಳತೆ ಓದಿ ಹೇಳುವಾಗಿನ ಧ್ವನಿಯೇ ಅದು. "ಬರೆಯೋವಾಗ ಕೇಳ್ಲಿಲ್ಲ, ಅಳಿಸೋವಾಗ್ಲೂ ಕೇಳ್ಲಿಲ್ಲ. ಕೇಳಿದ್ರೆ ನಾನೂ ಬೇಡ ಅಂತಾನೇ ಹೇಳ್ತಿದ್ದೆ ಮೇಡಂ. ನಿಮ್ಮ ಕಾಗದದಲ್ಲಿದ್ದ ಆ ಹುಡುಗಿ ಸೀಟು ನಂಗ್ಯಾಕೆ. ಆದ್ರೆ ಬೇಡ ಅನ್ಬೇಕಾಗಿದ್ದೋಳು ನಾನು."

ಅವಳ ತಾಯಿ ಒಳಗಿನಿಂದ ಬಂದು, ನನ್ನನ್ನೂ ಮಗಳನ್ನೂ ನೋಡಿ, ಗಟ್ಟಿಕಾಲಿನ ಕುರ್ಚಿಯನ್ನು ನನ್ನ ಕಡೆ ಸರಿಸಿದರು. ಕುಳಿತೆ.

ಡೊರೀನ್ ಕಳಿಸಿದ ಫಲಕದ ನಕಲನ್ನು ದಿಲ್‌ಶಾದ್ ತಂದೆಯ ಅಂಗಡಿಯ ಮೇಜಿನ ಮೇಲೆ ಅಳೆದು ಮುಗಿಸಿ ಇಂಗ್ಲೆಂಡಿಗೆ ಕಳಿಸಿದಳು. ಅಲ್ಲಿಂದ ಉತ್ತರವೂ ಬಂದಾಯಿತು. ಈ ಕಥನವನ್ನು ಅಚ್ಚಿಗೆ ಕೊಡುವ ಮೊದಲು ಹಸ್ತಪ್ರತಿಯನ್ನು ಯಲಹಂಕಕ್ಕೆ ಕೊಂಡೊಯ್ದು ಅವಳ ಕೈಗಿಟ್ಟು, ನಿನಗೆ ಬೇಡವಾದದ್ದನ್ನು ಹೊಡೆದುಹಾಕು ಎಂದೆ. ಹೆಸರುಗಳು ಇರಲಿ ಎಂದಳು. ತಂದೆಯ ಕಾಗದವೂ ಇರಲಿ ಎಂದಳು. ನನ್ನ ಕ್ಷಮೆ ಕೇಳುವ ಭಾಗ ಬಹಳ ಉದ್ದವಾಯಿತೆಂದು ಅರ್ಧಕ್ಕೆ ಇಳಿಸಿದಳು. ಆಮೇಲೆ ಕೊನೆಯ ಪುಟ ತಿರುವಿ ಒಂದೇ ಒಂದು ಸಾಲಿನ ಮೇಲೆ ನಿಂತು, ಅದರುದ್ದಕ್ಕೂ ನಿಧಾನವಾಗಿ ಗೆರೆಯೆಳೆದಳು. ಇಂಗ್ಲೆಂಡಿನಿಂದ ಬಂದ ಉತ್ತರವೇನೆಂದು ನಾನು ಬರೆದಿದ್ದ ಸಾಲು ಅದು. ಇಲ್ಲಿ ಅದಿಲ್ಲ.